ಕೆಳಗೆ ಎಡಕ್ಕೆ ಆರನೆಯದು

ಆ ಹಲ್ಲಿನ ಕ್ಲಿನಿಕ್ಕಿನಲ್ಲಿ ಅವನು ದಿನಕ್ಕೆ ಏನಿಲ್ಲವೆಂದರೂ ಇನ್ನೂರು ಸಲ ಆಡುತ್ತಿದ್ದ ಮಾತು ಒಂದೇ: “ಉಗುಳಿ.” ದೊಡ್ಡವರಿಗೆ “ಉಗುಳಿ”, ಮಕ್ಕಳಿಗೆ “ಉಗುಳು ಬಂಗಾರ”, ಕಿವಿ ಮಂದವಾದ ಮುದುಕರಿಗೆ ಕೈಸನ್ನೆ. ಯಾರದೋ ಮನೆಯ ನಾಲ್ಕು ವರ್ಷದ ಮಗು ಊಟಕ್ಕೆ ಕೂತಾಗ “ಉಗುಳಪ್ಪ ಒಳ್ಳೆಯವನು” ಎಂದಿತಂತೆ. ಅಂದಿನಿಂದ ಅವನು ಉಗುಳಪ್ಪ. ಹೆತ್ತವರು ಹುಡುಕಿ ಹುಡುಕಿ ಇಟ್ಟ ಹೆಸರು ಈಗ ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಇಪ್ಪತ್ತಾರು ವರ್ಷಕ್ಕೆ ಮನುಷ್ಯ ಒಂದಿಷ್ಟು ಹೆಸರು ಸಂಪಾದಿಸಬೇಕು ಎನ್ನುತ್ತಾರಲ್ಲ, ಅವನು ಸಂಪಾದಿಸಿದ್ದು ಇದನ್ನು.

ಕ್ಲಿನಿಕ್ ಇದ್ದದ್ದು ಚಪ್ಪಲಿ ಅಂಗಡಿಯ ಮಹಡಿಯ ಮೇಲೆ, ಎರಡು ಕೋಣೆಗಳಲ್ಲಿ. ಹೊರಗಿನದರಲ್ಲಿ ಆರು ಪ್ಲಾಸ್ಟಿಕ್ ಕುರ್ಚಿ, ಒಂದು ಫೋನು, ಕಬ್ಬಿಣದ ಬೀರು. ಒಳಗಿನದರಲ್ಲಿ ಆ ಉದ್ದನೆಯ ಒರಗುಕುರ್ಚಿ, ಅದರ ಬಲಕ್ಕೆ ಡಾಕ್ಟರಮ್ಮನ ಗುಂಡು ಸ್ಟೂಲು, ಎಡಕ್ಕೆ ಉಗುಳುವ ಬೋಗುಣಿ. ಬೋಗುಣಿಗೂ ಗೋಡೆಗೂ ನಡುವೆ ಒಂದೂವರೆ ಅಡಿ ಜಾಗ. ಅದೇ ಉಗುಳಪ್ಪನ ಕಚೇರಿ. ಕುರ್ಚಿ ಹಿಂದಕ್ಕೆ ಒರಗಿತೆಂದರೆ ಅವನ ದಾರಿ ಮುಚ್ಚಿದಂತೆ. ರೋಗಿ ಎದ್ದು ಕುರ್ಚಿ ನೆಟ್ಟಗಾಗುವ ತನಕ ಅವನು ಅಲ್ಲಿಂದ ಅಲ್ಲಾಡುವಂತಿಲ್ಲ. ಎಡಗೈಯಲ್ಲಿ ಬಾಯಿಯ ನೀರು ಹೀರುವ ಕೊಳವೆ, ಬಲಗೈಯಲ್ಲಿ ಪೆನ್ನು, ಬೆನ್ನಿಗೆ ತಣ್ಣನೆಯ ಗೋಡೆ. ಮೂಗು ತುರಿಸಿದರೆ ಆ ಮೂಗೇ ಸಹಿಸಿಕೊಳ್ಳಬೇಕು.

ಡಾಕ್ಟರಮ್ಮನದು ಒಂದೇ ಹಟ. ಹಲ್ಲು ನೋಯಲಿ ಬಿಡಲಿ, ಮನೆಯವರೆಲ್ಲ ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಅದಕ್ಕಾಗಿ ಮನೆಗೊಂದು ಪುಸ್ತಕ, ತಲೆಗೊಂದು ಪುಟ. ಪುಟದಲ್ಲಿ ಎರಡು ಸಾಲು ಹಲ್ಲಿನ ಚಿತ್ರ. ಆಕೆ ಕನ್ನಡಿ ಹಿಡಿದು, ನಡುವಿನಿಂದ ಹಿಂದಕ್ಕೆ ಎಣಿಸುತ್ತಾ ಹೇಳುತ್ತಾ ಹೋಗುತ್ತಾರೆ: “ಮೇಲೆ ಬಲ ಒಂದು, ಚೆನ್ನಾಗಿದೆ. ಎರಡು, ಚೆನ್ನಾಗಿದೆ. ಮೂರು…” ಉಗುಳಪ್ಪ ಬರೆದುಕೊಳ್ಳುತ್ತಾನೆ. ಚೆನ್ನಾಗಿದ್ದರೆ ಹಲ್ಲಿನ ಮೇಲೊಂದು ಗೆರೆ, ಹುಳುಕಿದ್ದರೆ ಚುಕ್ಕೆ, ಹಲ್ಲೇ ಇಲ್ಲದಿದ್ದರೆ ಕತ್ತರಿ ಗುರುತು. ಕೈಗವಸು ಹಾಕಿದ ಕೈಯಲ್ಲಿ ಪೆನ್ನು ಮುಟ್ಟುವಂತಿಲ್ಲವಾದ್ದರಿಂದ ಆಕೆ ಸಾಯಂಕಾಲ ಎಲ್ಲ ಪುಟಗಳಿಗೂ ಒಟ್ಟಿಗೇ ಸಹಿ ಹಾಕುತ್ತಿದ್ದರು. ಓದುತ್ತಿರಲಿಲ್ಲ. “ನೀನು ಬರೆದದ್ದು ತಾನೇ” ಎನ್ನುತ್ತಿದ್ದರು, ಅಷ್ಟೆ.

ಹೀಗೆ ನಾನೂರ ಹನ್ನೆರಡು ಮನೆಗಳ ಬಾಯಿ ಅವನ ಕೈಬರಹದಲ್ಲಿತ್ತು. ಬೀದಿಯಲ್ಲಿ ಯಾರಾದರೂ ಎದುರಾದರೆ ಅವನಿಗೆ ಮುಖಕ್ಕಿಂತ ಮೊದಲು ದವಡೆ ನೆನಪಾಗುತ್ತಿತ್ತು. ಆರು ತಿಂಗಳು ತುಂಬಿದ ಮನೆಗಳಿಗೆ ಫೋನ್ ಮಾಡುವವನೂ ಅವನೇ. “ನೋವು ಬಂದ ಮೇಲೆ ಬರೋದಲ್ಲ ಸಾರ್, ನೋವು ಬರದ ಹಾಗೆ ನೋಡ್ಕೊಳ್ಳೋಕೆ ಬರೋದು. ಏನೂ ಮಾಡಲ್ಲ, ಬರೀ ಬಾಯಿ ತೆಗೆದು ತೋರಿಸೋದು. ಅದರಲ್ಲೇನಿದೆ ಹೆದರೋಕೆ?” ಎಂದು ಜೇನು ಸುರಿಸುತ್ತಿದ್ದ.

ಆ ಕುರ್ಚಿಯಲ್ಲಿ ಅವನೊಬ್ಬ ಮಾತ್ರ ಒಂದು ಸಲವೂ ಕೂತಿರಲಿಲ್ಲ.

ಕಾರಣ ಹಳೆಯದು. ಅವನಿಗೆ ಒಂಬತ್ತು ವರ್ಷವಾಗಿದ್ದಾಗ ಕೆಳಗಿನ ಎಡ ದವಡೆಯ ಹಲ್ಲೊಂದು ನೋಯತೊಡಗಿತ್ತು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಲ್ಲು ಕೀಳುವವನೊಬ್ಬ ಇದ್ದ. ಇಬ್ಬರು ಕೈಕಾಲು ಹಿಡಿದರು, ಮೂರನೆಯವನು ಎದೆಯ ಮೇಲೆ ಮೊಣಕೈ ಊರಿದ. ಅಮ್ಮ ಬಾಗಿಲ ಹೊರಗೆ ಮಗನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. “ಹಾಲುಹಲ್ಲಮ್ಮ, ಮತ್ತೆ ಬರುತ್ತೆ” ಎಂದು ಆ ಮನುಷ್ಯ ಹಲ್ಲನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಅದು ಬರಲಿಲ್ಲ. ಅಮ್ಮ ತಿಂಗಳುಗಟ್ಟಲೆ ಪ್ರತಿ ಸಂಜೆ ಟಾರ್ಚ್ ಹಿಡಿದು ಅವನ ಬಾಯಿಯೊಳಗೆ ಇಣುಕಿದಳು. ಅಂಗೈಯಲ್ಲಿ ಗಲ್ಲ ಹಿಡಿದು ನೋಡುವ ಆ ಮುಖವನ್ನು ಸಹಿಸಲಾರದೆ ಅವನೊಂದು ದಿನ ಆ ಸಂದಿಗೆ ನಾಲಿಗೆ ತುರುಕಿ, “ಬಂತು ಬಂತು” ಎಂದುಬಿಟ್ಟ. ಅಮ್ಮ ಟಾರ್ಚನ್ನು ಒಳಗಿಟ್ಟಳು.

ಅದು ಹಾಲುಹಲ್ಲು ಆಗಿರಲೇ ಇಲ್ಲ ಎಂಬುದು ಅವನಿಗೆ ಗೊತ್ತಾದದ್ದು ಈ ಕೆಲಸಕ್ಕೆ ಸೇರಿದ ಮೊದಲ ವಾರ. ಆರನೇ ವರ್ಷದ ಹೊತ್ತಿಗೆ, ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಮೊಳೆಯುವ ದವಡೆ ಹಲ್ಲು ಅದು. ಸಾಯುವ ತನಕ ಇರಬೇಕಾದದ್ದು. ಮಗುವಿನ ಬಾಯಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಜನ ಅದನ್ನು ಹಾಲುಹಲ್ಲೆಂದುಕೊಂಡು ಕಡೆಗಣಿಸುತ್ತಾರೆ. ಡಾಕ್ಟರಮ್ಮ ಇದನ್ನು ಯಾವುದೋ ತಾಯಿಗೆ ವಿವರಿಸುತ್ತಿದ್ದಾಗ ಉಗುಳಪ್ಪ ಗೋಡೆಗಂಟಿಕೊಂಡು ತನ್ನ ಸಂದಿಯನ್ನು ನಾಲಿಗೆಯಿಂದ ತಡಕಿಕೊಂಡಿದ್ದ.

ಕೆಲಸದವರೂ ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕು ಎಂಬುದು ಆಕೆಯ ನಿಯಮ. ಮೊದಲ ಸರದಿ ಬಂದಾಗ ಅವನು, “ಸಂಜೆ ಡಾಕ್ಟ್ರು ನೋಡಿದ್ರು ಮೇಡಂ” ಎಂದ. ವಾರಕ್ಕೆರಡು ಸಂಜೆ ಬರುತ್ತಿದ್ದ ಆ ಡಾಕ್ಟರು ಕೇಳಿದಾಗ, “ಮೇಡಂ ನೋಡಿದ್ರು ಸಾರ್” ಎಂದ. ಆಮೇಲೆ ತನ್ನ ಪುಟ ತೆರೆದು, ಮೂವತ್ತೆರಡು ಹಲ್ಲುಗಳ ಮೇಲೂ ಮೂವತ್ತೆರಡು ಚೆಂದದ ಗೆರೆ ಎಳೆದು, ಸಹಿಯ ಕಟ್ಟಿನ ನಡುವೆ ತೂರಿಸಿದ. ಕಿತ್ತ ಹಲ್ಲಿಗೂ ಗೆರೆ, ಇನ್ನೂ ಹುಟ್ಟದ ಬುದ್ಧಿಹಲ್ಲುಗಳಿಗೂ ಗೆರೆ. ಹೀಗೆ ಆರು ವರ್ಷ, ಹನ್ನೆರಡು ಸಲ. ಕಳ್ಳತನದಲ್ಲೂ ಅಕ್ಷರ ದುಂಡಗಿರಬೇಕು ಎಂಬ ಶಿಸ್ತು ಅವನದು.

ಆ ಶಿಸ್ತೇ ಕುತ್ತಿಗೆಗೆ ಬಂತು.

ಸೋಮವಾರ ಬೆಳಗ್ಗೆ ಡಾಕ್ಟರಮ್ಮ ಅವನ ಮನೆಯ ಪುಸ್ತಕ ಹಿಡಿದುಕೊಂಡು ಹೊರಕೋಣೆಗೆ ಬಂದರು. ಅದರಲ್ಲಿ ಅಜ್ಜಿಯ ಹಲ್ಲುಸೆಟ್ಟಿನ ಒಂದು ಪುಟ, ಅವನ ಹನ್ನೆರಡು ಸಲದ ಗೆರೆಗಳ ಒಂದು ಪುಟ, ಉಳಿದವರ ಖಾಲಿ ಪುಟಗಳು.

“ಈ ಬಾಯಿ ನೋಡು. ಇಷ್ಟು ವರ್ಷದ ನನ್ನ ಕೆಲಸದಲ್ಲಿ ಇಂಥ ಪುಟ ಇನ್ನೊಂದಿಲ್ಲ. ನೀನು ಒಂದಿನಾನೂ ಹೇಳ್ಲಿಲ್ಲವಲ್ಲ?”

“ಹೇಳೋದೇನಿದೆ ಮೇಡಂ,” ಎಂದ ಉಗುಳಪ್ಪ. ಅದು ನಿಜವಾಗಿತ್ತು.

“ಜನಕ್ಕೆ ಬಾಯಲ್ಲಿ ಹೇಳಿ ಸಾಕಾಯ್ತು. ಒಂದು ಮನೆಯವರನ್ನೆಲ್ಲ ಪೂರ್ತಿ ನೋಡಿ, ಪುಟ, ಫೋಟೋ ಎಲ್ಲ ಈ ಗೋಡೆ ಮೇಲೆ ಹಾಕ್ತೀನಿ. ಅಜ್ಜಿಯಿಂದ ಮರಿಮಗಳವರೆಗೆ. ಯಾವ ವಯಸ್ಸಿಗೆ ಏನು ನೋಡ್ಕೋಬೇಕು ಅಂತ ಕಣ್ಣಾರೆ ಕಾಣ್ಲಿ. ನಿಮ್ಮ ಮನೆಯವರಾದ್ರೆ ಒಪ್ತಾರೆ. ಗುರುವಾರ ಬೇರೆ ಯಾರನ್ನೂ ಕರೀಬೇಡ. ಕೊನೇಲಿ ನಿನ್ನ ಬಾಯಿ ಫೋಟೋ, ನಡುವೆ ದೊಡ್ಡದಾಗಿ.”

ಆ ಪುಟ ಸುಳ್ಳು ಎಂದು ಗೊತ್ತಾದರೆ ಕೆಲಸ ಹೋಗುತ್ತದೆ. ಅದಕ್ಕಿಂತ, ಆ “ನೀನು ಬರೆದದ್ದು ತಾನೇ” ಹೋಗುತ್ತದೆ. ಅವನ ಬದುಕಿನಲ್ಲಿ ಅವನನ್ನು ನಂಬಿ ಓದದೆ ಸಹಿ ಹಾಕುವ ಮನುಷ್ಯರು ಅವರೊಬ್ಬರೇ ಇದ್ದರು.

ಆ ವಾರವೇ ಹಲ್ಲು ನೋಯಬೇಕೆ? ನೋಯತೊಡಗಿತು. ಕಿತ್ತ ಹಲ್ಲಿನ ಪಕ್ಕದ ಏಳನೆಯದು. ಪಕ್ಕದ ಮನೆ ಕೆಡವಿದರೆ ಗೋಡೆ ಆ ಕಡೆ ವಾಲುವಂತೆ ಅದು ಮೊಳೆತಂದಿನಿಂದ ಖಾಲಿ ಜಾಗಕ್ಕೆ ವಾಲಿಕೊಂಡು ಬಂದಿತ್ತು. ಬುಡದಲ್ಲಿ ಕೂಳು ಸಿಕ್ಕಿಕೊಂಡು ಹುಳುಕಾಗಿತ್ತು. ಅವನು ಕ್ಲಿನಿಕ್ಕಿನ ಲವಂಗದೆಣ್ಣೆಯನ್ನು ಹತ್ತಿಗೆ ಅದ್ದಿ ಕದ್ದು ಇಟ್ಟುಕೊಂಡ. ಹಲ್ಲಿನ ಕ್ಲಿನಿಕ್ಕಿನಲ್ಲಿ ಲವಂಗದ ವಾಸನೆ ಯಾರ ಮೂಗಿಗೂ ಬಡಿಯದು. ಮನೆಯಲ್ಲಿ ಮಾತ್ರ ಅಜ್ಜಿ ಮೂಗರಳಿಸಿದಳು.

“ಏನೋ ಇದು, ಆಸ್ಪತ್ರೇನೇ ಮನೆಗೆ ಹೊತ್ಕೊಂಡು ಬಂದಿದೀಯ?”

“ಕೆಲಸದ ಬಟ್ಟೆ ವಾಸನೆ ಅಜ್ಜಿ.”

“ಬಟ್ಟೆ ಇಲ್ಲಿ ನೇತಾಡ್ತಿದೆ. ವಾಸನೆ ನಿನ್ನ ಬಾಯಿಂದ ಬರ್ತಿದೆ.”

ಮನೆಯೆಂದರೆ ಒಂದು ಅಡುಗೆಮನೆ, ಒಂದು ಹಜಾರ. ಹಜಾರದಲ್ಲಿ ಅಜ್ಜಿಯ ಮಂಚ, ಅಮ್ಮನ ಹೊಲಿಗೆ ಯಂತ್ರ. ಅಪ್ಪ ಹೋಗಿ ಹತ್ತು ವರ್ಷ. ಭಾವ ಲಾರಿಯ ಮೇಲೆ ಊರೂರು ಸುತ್ತುವವರಾದ್ದರಿಂದ ಅಕ್ಕ ಎರಡನೇ ಬಸಿರಿಗೆ ತವರಿಗೆ ಬಂದಿದ್ದಳು. ಜೊತೆಗೆ ಆರು ವರ್ಷದ ಮಗಳು ಪುಟ್ಟಿ. ಡಾಕ್ಟರಮ್ಮನ ಮಾತನ್ನು ಅವನು ಆದಷ್ಟು ಸಪ್ಪೆಯಾಗಿ ಹೇಳಿದ. ಬೇಡವೆನ್ನಲಿ ಎಂದು ಆಸೆಪಟ್ಟ.

“ನಂಗೆ ಹಲ್ಲೇ ಇಲ್ಲ, ನಂದೇನು ಫೋಟೋ ತೆಗೀತಾರೆ?” ಎಂದಳು ಅಜ್ಜಿ.

“ಅದೇ ಅಜ್ಜಿ, ನೀನು ಬೇಡ ಬಿಡು.”

“ಬೇಡ ಅಂತ ನಾನು ಯಾವಾಗ ಹೇಳ್ದೆ? ಸೆಟ್ಟು ಇಟ್ಕೊಂಡು ಬರ್ತೀನಿ. ಆ ನೀಲಿ ಸೀರೆ ತೆಗೆದಿಡೇ,” ಎಂದು ಅಜ್ಜಿ ಮಗಳಿಗೆ ಆಜ್ಞೆ ಮಾಡಿದಳು.

ಅಮ್ಮ ಹೊಲಿಗೆಯಿಂದ ತಲೆಯೆತ್ತಿದಳು. “ಗುರುವಾರ ಹೊಲಿಗೆ ಅಂಗಡಿಗೆ ರಜ ಹೇಳ್ತೀನಿ. ನಿನ್ನನ್ನ ಇಷ್ಟು ನೆಚ್ಕೊಂಡಿದಾರಲ್ಲೋ. ಬರದೇ ಇದ್ರೆ ಚೆನ್ನಾಗಿರುತ್ತಾ?”

ಅಕ್ಕ ಪುಟ್ಟಿಯ ಬಾಯಿ ತೆರೆಸಿ ಬೆಳಕಿಗೆ ಹಿಡಿದಳು. “ನೋಡೋ, ಇವಳ ಹಿಂದಿನ ಹಲ್ಲಲ್ಲಿ ಕಪ್ಪಗೊಂದು ಚುಕ್ಕೆ ಇದೆ. ಹಾಲುಹಲ್ಲು ತಾನೆ, ಬಿದ್ದುಹೋಗುತ್ತೆ ಅಂತ ಬಿಟ್ಟಿದೀನಿ.”

ಉಗುಳಪ್ಪ ನೋಡಿದ. ಕೆಳಗೆ, ಎಡಕ್ಕೆ, ಆರನೆಯದು.

“ಅದು…” ಎಂದ.

“ಅದಕ್ಯಾಕೆ ತಲೆ ಕೆಡಿಸ್ಕೋತೀಯ,” ಎಂದಳು ಅಮ್ಮ, ದಾರ ಕಚ್ಚಿ ತುಂಡರಿಸುತ್ತಾ. “ಇವನಿಗೂ ಅಲ್ಲೇ ಆಗಿತ್ತು. ಕೀಳಿಸಿದ್ವಿ. ಮತ್ತೆ ಬಂತಲ್ಲ. ಜಾಸ್ತಿ ನೋವು ಬಂದ್ರೆ ಕೀಳಿಸಿದ್ರಾಯ್ತು.”

ಎಲ್ಲರೂ ಅವನತ್ತ ನೋಡಿದರು. ಅವನು ಉಗುಳು ನುಂಗಿದ. ಬಾಯಿ ಬಿಟ್ಟರೆ ಅಮ್ಮನ ಹದಿನೇಳು ವರ್ಷದ ನೆಮ್ಮದಿ ಹೋಗುತ್ತದೆ, ಬಿಡದಿದ್ದರೆ ಪುಟ್ಟಿಯ ಹಲ್ಲು. “ಗುರುವಾರ ಮೇಡಂಗೆ ತೋರಿಸೋಣ” ಎಂದು ಹೇಳಿ ಬಚ್ಚಲಿಗೆ ಹೋದ. ಬಚ್ಚಲ ಕನ್ನಡಿಯಲ್ಲಿ ತನ್ನ ಮುಖವನ್ನೊಮ್ಮೆ ನೋಡಿಕೊಂಡ. ಹೇಡಿಯ ಮುಖ ಇಷ್ಟು ಮಾಮೂಲಾಗಿರುತ್ತದೆ ಎಂದು ಅವನು ಅಂದುಕೊಂಡಿರಲಿಲ್ಲ.

ಮಂಗಳವಾರ ಅವನು ಡಾಕ್ಟರಮ್ಮನಿಗೆ, ಗೋಡೆ ಮೇಲೆ ಹಾಕುವುದಕ್ಕೆ ಬೇರೆ ಯಾವುದಾದರೂ ದೊಡ್ಡ ಮನೆತನ ಚೆನ್ನಾಗಿರುತ್ತದೆ ಎಂದು ಸೂಚಿಸಿದ. “ನಿನಗೆ ನಾಚಿಕೆ ಜಾಸ್ತಿ” ಎಂದು ಆಕೆ ನಕ್ಕರು. ಬುಧವಾರ ಜ್ವರ ಬಂದಂತಿದೆ ಎಂದ. ಆಕೆ ಹಣೆ ಮುಟ್ಟಿ ನೋಡಿ, ಏನೂ ಇಲ್ಲ ಎಂದು ಅವನ ಕೈಗೇ ಗೋಡೆ ಒರೆಸುವ ಬಟ್ಟೆ ಕೊಟ್ಟರು. ತನ್ನ ಬಾಯಿಯ ಚಿತ್ರ ಬರುವ ಜಾಗವನ್ನು ಅವನೇ ಒರೆಸಿ, ಅಳತೆ ತೆಗೆದು, ನಾಲ್ಕು ಮೊಳೆ ಹೊಡೆದ. ಕೆಲಸ ಬಿಟ್ಟು ಕಾಲಿಗೆ ಬುದ್ಧಿ ಹೇಳೋಣವೆಂದರೆ, ಅಜ್ಜಿಯ ನೀಲಿ ಸೀರೆಗೆ ಆಗಲೇ ಇಸ್ತ್ರಿಯಾಗಿತ್ತು.

ಗುರುವಾರ ಹತ್ತು ಗಂಟೆಗೆ ಮನೆಮಂದಿಯೆಲ್ಲ ಕಡಿದಾದ ಮೆಟ್ಟಿಲು ಹತ್ತಿ ಬಂದರು. ಅಕ್ಕ ಅರ್ಧದಲ್ಲಿ ನಿಂತು ಏದುಸಿರು ಬಿಟ್ಟಳು, ಅಜ್ಜಿ ನಿಲ್ಲಲಿಲ್ಲ. ಉಗುಳಪ್ಪ ತನ್ನ ಒಂದೂವರೆ ಅಡಿಯಲ್ಲಿ ನಿಂತ.

ಮೊದಲು ಅಜ್ಜಿ. ಡಾಕ್ಟರಮ್ಮ ಸೆಟ್ಟು ತೆಗೆಸಿ ಬರೀ ಒಸಡನ್ನು ಬೆರಳಿಂದ ಒತ್ತಿ ಒತ್ತಿ ನೋಡಿದರು.

“ಇಲ್ಲಿ ಕೆಂಪಾಗಿದೆ ಅಜ್ಜಿ. ಮಲಗುವಾಗ್ಲೂ ಹಾಕ್ಕೊಂಡೇ ಇರ್ತೀರಾ?”

“ಮತ್ತೆ? ಇದ್ದಕ್ಕಿದ್ದ ಹಾಗೆ ಯಾರಾದ್ರೂ ಬಂದ್ರೆ?”

“ನಿದ್ದೇಲಿ ಯಾರು ಬರ್ತಾರೆ? ತೆಗೆದು ನೀರಲ್ಲಿಡಿ, ಒಸಡಿಗೂ ಉಸಿರಾಡೋಕೆ ಬಿಡಿ. ಹಲ್ಲಿಲ್ಲ ಅಂತ ಬರೋದು ನಿಲ್ಲಿಸ್ಬೇಡಿ. ದವಡೆ ಸವೀತಾ ಹೋಗುತ್ತೆ, ಸೆಟ್ಟು ಸಡಿಲವಾಗುತ್ತೆ, ಹುಣ್ಣಾದ್ರೆ ನಿಮಗೆ ಗೊತ್ತೇ ಆಗಲ್ಲ.”

ಆಮೇಲೆ ಅಮ್ಮ. ಹಲ್ಲೆಲ್ಲ ಗಟ್ಟಿಯಾಗಿದ್ದವು, ಒಸಡು ಊದಿತ್ತು. ಉಜ್ಜಿದರೆ ರಕ್ತ ಬರುತ್ತದೆಂದು ಅಮ್ಮ ಆ ಭಾಗಕ್ಕೆ ಬ್ರಷ್ಷನ್ನೇ ಮುಟ್ಟಿಸುತ್ತಿರಲಿಲ್ಲ. “ರಕ್ತ ಬರೋದು ಉಜ್ಜೋದ್ರಿಂದಲ್ಲ, ಉಜ್ಜದೇ ಇರೋದ್ರಿಂದ” ಎಂದು ಡಾಕ್ಟರಮ್ಮ ಕನ್ನಡಿ ಕೊಟ್ಟು ತೋರಿಸಿದರು. ಗಟ್ಟಿ ಹಲ್ಲನ್ನೂ ಒಸಡು ಕೈಬಿಟ್ಟರೆ ಅದು ನಿಲ್ಲುವುದು ಎಲ್ಲಿ? ಅಕ್ಕನ ಒಸಡೂ ಕೆಂಪಾಗಿತ್ತು. ಬಸುರಿಯರು ಹಲ್ಲು ತೋರಿಸಬಾರದೆಂದು ಯಾರೋ ಹೇಳಿದ್ದನ್ನು ಅವಳು ನಂಬಿದ್ದಳು. ಬಸಿರಿನಲ್ಲಿ ಇನ್ನೂ ಜೋಪಾನವಾಗಿ ತೋರಿಸಬೇಕು ಎಂದರು ಡಾಕ್ಟರಮ್ಮ. ಹುಟ್ಟುವ ಮಗುವಿಗೆ ಮೊದಲ ಹಲ್ಲು ಬಂದ ಕೂಡಲೇ ಎತ್ತಿಕೊಂಡು ಬರಬೇಕು ಎಂದೂ ಸೇರಿಸಿದರು. ಉಗುಳಪ್ಪ ಎಲ್ಲವನ್ನೂ ಬರೆದುಕೊಂಡ. ಅಕ್ಷರ ದುಂಡಗೇ ಬಂತು.

ಪುಟ್ಟಿ ಕುರ್ಚಿ ಹತ್ತಿದಳು. ಕುರ್ಚಿ ಒರಗಿತು. ಉಗುಳಪ್ಪನ ದಾರಿ ಮುಚ್ಚಿತು.

“ಇದು ನೋಡಿ,” ಎಂದರು ಡಾಕ್ಟರಮ್ಮ. “ಹುಳುಕು ಈಗಷ್ಟೇ ಶುರುವಾಗಿದೆ. ಇವತ್ತೇ ಕ್ಲೀನ್ ಮಾಡಿ ಮುಚ್ಚಿಬಿಟ್ರೆ ಮುಗೀತು.”

“ಹಾಲುಹಲ್ಲಿಗೆ ಅಷ್ಟೆಲ್ಲ ಯಾಕೆ ಮೇಡಂ?” ಎಂದಳು ಅಕ್ಕ. “ಮಷೀನು ಅಂದ್ರೆ ಇವಳು ಹೆದರ್ತಾಳೆ.”

“ಇದು ಹಾಲುಹಲ್ಲಲ್ಲಮ್ಮ. ಹಾಲುಹಲ್ಲಾದ್ರೂ ನೋಡ್ಕೋಬೇಕು ಅನ್ನಿ. ಆದ್ರೆ ಇದು ಕಾಯಂ ಹಲ್ಲು. ಹೋದ್ರೆ ಮತ್ತೆ ಬರಲ್ಲ.”

“ಬರುತ್ತೆ ಡಾಕ್ಟ್ರೇ,” ಎಂದಳು ಅಮ್ಮ. ಮೃದುವಾಗಿ, ಆದರೆ ಗೊತ್ತಿದ್ದವಳ ಧ್ವನಿಯಲ್ಲಿ. “ನಿಮ್ಮ ಮಾತಿಗೆ ಎದುರಾಡ್ತಿದೀನಿ ಅಂದ್ಕೋಬೇಡಿ. ನಮ್ಮ ಇವನಿಗೆ ಇದೇ ಹಲ್ಲು, ಇದೇ ಜಾಗ. ಒಂಬತ್ತು ವರ್ಷಕ್ಕೆ ಕೀಳಿಸಿದ್ವಿ. ಬಂದಿದೆ. ಬೇಕಾದ್ರೆ ಕೇಳಿ.”

“ಒಂಬತ್ತಕ್ಕೆ ಕಿತ್ತದ್ದು ಬೇರೆ ಹಲ್ಲಿರಬೇಕು. ಇವನ ಪುಟ ನನ್ನ ಹತ್ರಾನೇ ಇದೆಯಲ್ಲ, ಮೂವತ್ತೆರಡೂ ಇದೆ.”

“ಅದೇ ನಾನೂ ಹೇಳ್ತಿರೋದು. ಮೂವತ್ತೆರಡೂ ಇದೆ ಅಂದ್ಮೇಲೆ, ಕಿತ್ತಿದ್ದು ಮತ್ತೆ ಬಂತು ತಾನೆ?”

ಇಬ್ಬರು ಒಳ್ಳೆಯ ಹೆಂಗಸರು ಅವನ ಎರಡು ಸುಳ್ಳುಗಳನ್ನು ಎರಡು ಕಡೆಯಿಂದ ಹಿಡಿದು ನಿಂತಿದ್ದರು, ಅವನು ನಡುವೆ ಗೋಡೆಗೆ ಅಂಟಿದ್ದ. ಕೊಳವೆ ಯಾರ ಬಾಯಲ್ಲೂ ಇಲ್ಲದೆ ಬರೀ ಗಾಳಿಯನ್ನು ಸೊರಸೊರ ಹೀರುತ್ತಿತ್ತು.

“ನಡಿ ಪುಟ್ಟಿ, ಇಳಿ,” ಎಂದಳು ಅಕ್ಕ. “ಇವತ್ತು ಬೇಡ ಮೇಡಂ. ನೋವು ಬಂದಾಗ ನೋಡೋಣ. ಅಮ್ಮ ಹೇಳಿದ ಹಾಗೆ ಕೀಳಿಸಿದ್ರಾಯ್ತು.”

ಪುಟ್ಟಿ ಎದ್ದು ಕೂತಳು. ಕುರ್ಚಿ ನೆಟ್ಟಗಾಗತೊಡಗಿತು. ಬೋಗುಣಿಯ ಪಕ್ಕ ಒಬ್ಬ ಮನುಷ್ಯ ನುಸುಳಿ ಹೋಗುವಷ್ಟು ಜಾಗ ತೆರೆಯಿತು. ಹೊರಗೆ ಹೋಗಿ, ಮೆಟ್ಟಿಲಿಳಿದು, ಚಪ್ಪಲಿ ಅಂಗಡಿ ದಾಟಿ ಹೋಗಬಹುದಾಗಿತ್ತು. ಎಲ್ಲರೂ ಮನೆಗೆ ಹೋಗುತ್ತಿದ್ದರು, ಯಾರೂ ಏನೂ ಕೇಳುತ್ತಿರಲಿಲ್ಲ.

“ಅಕ್ಕ, ಬಂದಿಲ್ಲ,” ಎಂದ ಉಗುಳಪ್ಪ.

“ಏನು ಬಂದಿಲ್ಲ?”

“ಹಲ್ಲು. ನಂದು ಬಂದಿಲ್ಲ.”

ಯಾರಿಗೂ ಅರ್ಥವಾಗಲಿಲ್ಲ. ಹೇಳಿದರೆ ನಂಬುವಂತೆಯೂ ಇರಲಿಲ್ಲ. ಮೂವತ್ತೆರಡು ಗೆರೆ ಎಳೆದವನು ಅವನೇ. ತೋರಿಸದೆ ಬೇರೆ ದಾರಿ ಇರಲಿಲ್ಲ. ಅವನು ಕೊಳವೆಯನ್ನು ಕೊಕ್ಕೆಗೆ ಸಿಕ್ಕಿಸಿ, ಪುಟ್ಟಿಯನ್ನು ಎತ್ತಿ ಅಜ್ಜಿಯ ಪಕ್ಕ ಇಳಿಸಿ, ಕುರ್ಚಿಯಲ್ಲಿ ಕೂತ. ಆರು ವರ್ಷ ಅವನು ಪಕ್ಕದಿಂದ ಕಂಡಿದ್ದ ದೀಪ ಎದುರಿನಿಂದ ಬೇರೆಯದೇ ಆಗಿತ್ತು. ಬೆನ್ನ ಕೆಳಗೆ ಕುರ್ಚಿ ಜಾರಿದಂತೆ ಎದೆಯ ಮೇಲೆ ಯಾರದೋ ಮೊಣಕೈ ಊರಿದಂತಾಯಿತು. ಎರಡು ಕೈಗಳೂ ತಾವಾಗಿಯೇ ಹಿಡಿಕೆಗಳನ್ನು ಹಿಡಿದುಕೊಂಡವು. ಬಾಯಿ ತೆರೆಯಲಿಲ್ಲ.

“ಬಾಯಿ ಬಿಡು,” ಎಂದರು ಡಾಕ್ಟರಮ್ಮ.

ಬಾಯಿ ಬಿಟ್ಟಿತು, ನಾಲಿಗೆ ಬಿಡಲಿಲ್ಲ. ಅದು ಹಳೆಯ ಅಭ್ಯಾಸದಂತೆ ಆ ಸಂದಿಗೆ ಓಡಿ ಅಡ್ಡ ಮಲಗಿತು. ಡಾಕ್ಟರಮ್ಮ ಕನ್ನಡಿಯ ಹಿಂಬದಿಯಿಂದ ಅದನ್ನು ಮೆಲ್ಲಗೆ ಸರಿಸಿದರು. ಬಹಳ ಹೊತ್ತು ನೋಡಿದರು. ಅವರ ಮುಖ ಅವನಿಗೆ ತಲೆಕೆಳಗಾಗಿ ಕಾಣುತ್ತಿತ್ತು, ಆದ್ದರಿಂದ ಅದು ಸಿಟ್ಟೋ ಇನ್ನೇನೋ ತಿಳಿಯಲಿಲ್ಲ.

“ಪುಸ್ತಕ ತಗೊಳ್ಳಿ ಅಮ್ಮ,” ಎಂದು ಆಕೆ ಅಮ್ಮನಿಗೆ ಹೇಳಿದರು. ಬರೆಯುವವನು ಕುರ್ಚಿಯಲ್ಲಿದ್ದ. “ಹೊಸ ಪುಟ ತೆಗೀರಿ. ನಾನು ಹೇಳ್ತಾ ಹೋಗ್ತೀನಿ.”

ಅಮ್ಮ ಪೆನ್ನು ಹಿಡಿದಳು. ಮೇಲಿನ ಸಾಲು ಬಲದಿಂದ ಶುರುವಾಯಿತು. ಚೆನ್ನಾಗಿದೆ, ಚೆನ್ನಾಗಿದೆ, ಚೆನ್ನಾಗಿದೆ. ಬುದ್ಧಿಹಲ್ಲು, ಕಾಣಿಸ್ತಿಲ್ಲ. ಮೇಲೆ ಎಡ ಆರು, ಕೆಳಗೆ ಇಳಿದಿದೆ. “ಇಳಿದಿದೆ ಅಂತಾನೇ ಬರೀರಿ. ಎದುರಿಗೆ ಕಡಿಯೋಕೆ ಹಲ್ಲಿಲ್ಲದೆ ಹೋದ್ರೆ ಇಳೀತಾ ಬರುತ್ತೆ.” ಆಮೇಲೆ ಕೆಳಗಿನ ಸಾಲು. ಎಡ ಒಂದು, ಎರಡು, ಮೂರು, ನಾಲ್ಕು, ಐದು.

“ಆರು, ಇಲ್ಲ.”

ಪೆನ್ನು ನಿಂತಿತು.

“ಇಲ್ಲ ಅಂದ್ರೆ?” ಎಂದಳು ಅಮ್ಮ.

“ಇಲ್ಲ. ಕತ್ತರಿ ಗುರುತು ಹಾಕಿ. ಏಳು, ವಾಲಿದೆ, ಹುಳುಕು ಆಳಕ್ಕಿಳಿದಿದೆ. ಲವಂಗದ ಹತ್ತಿ ತುರುಕಿದಾನೆ.”

ಅಮ್ಮ ಗುರುತು ಹಾಕಿದಳೋ ಇಲ್ಲವೋ ಅವನಿಗೆ ಕಾಣಲಿಲ್ಲ. ಅವಳು ಎದ್ದು ಬಂದು ಡಾಕ್ಟರಮ್ಮನ ಭುಜದ ಮೇಲಿಂದ ಇಣುಕಿದಳು. ಅವನು ಬಾಯಿ ಮುಚ್ಚಲು ನೋಡಿದ, ಕನ್ನಡಿ ಒಳಗಿತ್ತು. ಅವನ ಅಮ್ಮ ಆ ದೊಡ್ಡ ದೀಪದ ಬೆಳಕಿನಲ್ಲಿ ಎಷ್ಟು ಬೇಕೋ ಅಷ್ಟು ಹೊತ್ತು ನೋಡಿದಳು.

“ಬಂತು ಅಂದಿದ್ದೆಯಲ್ಲೋ,” ಎಂದಳು.

ಅವನು ಬಾಯಿ ತೆರೆದೇ ಏನೋ ಅಂದ. ಯಾರಿಗೂ ಅರ್ಥವಾಗುವಂಥದಾಗಿರಲಿಲ್ಲ.

“ನೀನು ಸುಮ್ನಿರೇ,” ಎಂದಳು ಅಜ್ಜಿ ಮಗಳಿಗೆ. “ಆವತ್ತು ಕೀಳಿಸು ಅಂದೋಳು ನಾನು. ಏಯ್, ಪುಟ್ಟಿಗೆ ಈಗ್ಲೇ ಮಾಡಿಸ್ರೇ. ಮಷೀನಾದ್ರೂ ಸರಿ, ಸುತ್ತಿಗೆಯಾದ್ರೂ ಸರಿ.”

ಪುಟ್ಟಿಯ ಹಲ್ಲು ಮುಚ್ಚಲು ಇಪ್ಪತ್ತು ನಿಮಿಷ ಹಿಡಿಯಿತು. ಉಗುಳಪ್ಪ ಕೊಳವೆ ಹಿಡಿದ. ಅವಳು ಅತ್ತಳು, ನಿಲ್ಲಿಸಿದಳು, ಕೊನೆಗೆ ತನ್ನ ಬಾಯಲ್ಲಿ ಕಲ್ಲಿಟ್ಟಿದ್ದಾರೆಂದು ದೂರಿದಳು. ಅಮ್ಮ ಹೊರಕೋಣೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಹೊಲಿಗೆಗೆ ಕೂತಂತೆ ಬೆನ್ನು ಬಾಗಿಸಿ ಕೂತಿದ್ದಳು. ಹೊರಡುವಾಗ ಅವನ ಗಲ್ಲವನ್ನು ಒಮ್ಮೆ ಅಂಗೈಯಲ್ಲಿ ಹಿಡಿದಳು. ಒತ್ತಲಿಲ್ಲ. “ಊಟಕ್ಕೆ ಮೆತ್ತಗಿರೋದೇನಾದ್ರೂ ಮಾಡಿರ್ತೀನಿ” ಎಂದು ಹೇಳಿ ಮೆಟ್ಟಿಲಿಳಿದಳು.

ಅವರು ಹೋದ ಮೇಲೆ ಡಾಕ್ಟರಮ್ಮ ಕೈಗವಸು ಕಳಚಿ ಬುಟ್ಟಿಗೆ ಹಾಕಿದರು.

“ಹನ್ನೆರಡು ಸಲ.”

“ಹೆದರಿಕೆ ಮೇಡಂ. ಕುರ್ಚಿ ಅಂದ್ರೆ.”

“ಹೆದರೋರು ದಿನಾ ಹತ್ತು ಜನ ಬರ್ತಾರೆ. ಅವರ ಕೈ ಹಿಡ್ಕೊಳ್ಳೋದು ನೀನೇ. ನಂಗೆ ಹೇಳಿದ್ರೆ ನಾನು ನಿನ್ನ ಕೈ ಹಿಡ್ಕೊಳ್ತಿರ್ಲಿಲ್ವಾ?” ಆಕೆ ಬೀರು ತೆರೆದರು. ಒಳಗೆ ನಾನೂರ ಹನ್ನೆರಡು ಪುಸ್ತಕಗಳು ಸಾಲಾಗಿ ನಿಂತಿದ್ದವು. “ಇದರಲ್ಲಿ ಇನ್ನೆಷ್ಟು?”

“ಒಂದೂ ಇಲ್ಲ ಮೇಡಂ. ಸತ್ಯವಾಗ್ಲೂ. ನಂದೊಂದೇ.”

“ಹಾಗಂತ ಹೇಳ್ತಿರೋದು ಯಾರು?”

ಆ ಪುಟಗಳು ಒಂದೊಂದೂ ನಿಜ ಎಂಬುದು ಅವನಿಗೆ ಗೊತ್ತಿತ್ತು. ಅದನ್ನು ತಿಳಿದವನು ಜಗತ್ತಿನಲ್ಲಿ ಅವನೊಬ್ಬನೇ, ಅವನ ಮಾತಿಗೋ ಇನ್ನು ಸಾಕ್ಷಿಯ ಬೆಲೆ ಇಲ್ಲ.

“ಕೆಲಸ ಬಿಡ್ತೀನಿ ಮೇಡಂ.”

“ಬಿಟ್ಟು ಹೋದ್ರೆ ಇದನ್ನೆಲ್ಲ ಯಾರು ನೋಡೋದು? ಮಗೂಗೆ ಕಾಯಂ ಹಲ್ಲು ಬಂದಿದೆಯೋ ಇಲ್ವೋ, ಮುದುಕರ ಬಾಯಲ್ಲಿ ಹುಣ್ಣಿದೆಯೋ ಇಲ್ವೋ, ಇದನ್ನ ನಂಬ್ಕೊಂಡು ತಾನೆ ನಾನು ಕೂತಿರೋದು. ಎಲ್ಲರನ್ನೂ ಮತ್ತೆ ಕರೆಸ್ತೀನಿ. ಎಲ್ಲ ಮನೆ, ಎಲ್ಲ ಬಾಯಿ. ಪಕ್ಕದಲ್ಲಿ ನಿಂತು ಬರೆಯೋನು ನೀನೇ, ಆದ್ರೆ ಇನ್ಮೇಲೆ ಪ್ರತಿ ಪುಟ ಓದಿ ಸಹಿ ಹಾಕ್ತೀನಿ. ಫೋನ್ ಮಾಡೋನೂ ನೀನೇ. ಯಾಕೆ ಅಂತ ಕೇಳಿದ್ರೆ ಸುಳ್ಳು ಹೇಳ್ಬೇಡ. ಮೊದಲು ಕುರ್ಚೀಲಿ ಕೂರು, ಆ ಏಳನೇದಕ್ಕೆ ರೂಟ್ ಕೆನಾಲ್ ಇವತ್ತೇ ಶುರು ಮಾಡೋಣ. ಮೂರು ಸಲ ಬರ್ಬೇಕಾಗುತ್ತೆ.”

ಎಲ್ಲಿಂದ ಬರಬೇಕು ಎಂದು ಅವನು ಕೇಳಲಿಲ್ಲ. ಅಲ್ಲೇ ಇದ್ದನಲ್ಲ, ಒಂದೂವರೆ ಅಡಿಯಿಂದ ಕುರ್ಚಿಗೆ, ಕುರ್ಚಿಯಿಂದ ಒಂದೂವರೆ ಅಡಿಗೆ.

ಮಧ್ಯಾಹ್ನ ಎರಡೂವರೆಗೆ, ಇಂಜೆಕ್ಷನ್ನಿನಿಂದ ಎಡ ತುಟಿ ಮರಗಟ್ಟಿ ಜೋತುಬಿದ್ದಿದ್ದಾಗ, ಅವನು ಫೋನಿನ ಮುಂದೆ ಕೂತು ಮೊದಲ ಪುಸ್ತಕ ತೆರೆದ. ನಿವೃತ್ತ ಮೇಷ್ಟ್ರೊಬ್ಬರ ಮನೆ, ಏಳು ಪುಟ. ಮೇಷ್ಟ್ರೇ ಎತ್ತಿದರು.

“ಸಾರ್, ಹಲ್ಲಿನ ಕ್ಲಿನಿಕ್ಕಿಂದ. ನೀವೆಲ್ಲ ಇನ್ನೊಂದ್ಸಲ ಬರ್ಬೇಕಿತ್ತು.”

“ಹೋದ ತಿಂಗಳು ತಾನೆ ಬಂದು ಹೋದ್ವಿ. ಯಾಕೆ?”

“ನಿಮ್ಮ ಪುಟಗಳನ್ನ ಹೊಸದಾಗಿ ಬರೀಬೇಕು.”

“ಅದೇ, ಯಾಕೆ?”

ಮೇಷ್ಟ್ರಿಗೆ ಹೇಳಬಹುದಾದ ಕಾರಣಗಳು ಹತ್ತಾರಿದ್ದವು. ಪುಸ್ತಕ ನೆನೆದುಹೋಯಿತು ಎನ್ನಬಹುದಿತ್ತು, ಹೊಸ ಯಂತ್ರ ಬಂದಿದೆ ಎನ್ನಬಹುದಿತ್ತು. ಒಳಕೋಣೆಯಲ್ಲಿ ಡಾಕ್ಟರಮ್ಮ ಸಾಮಾನು ತೊಳೆಯುತ್ತಿದ್ದ ನೀರಿನ ಸದ್ದು ನಿಂತಿತು.

“ಬರೆದವನು ನಾನು ಸಾರ್, ಅದಕ್ಕೆ. ನನ್ನ ಪುಟದಲ್ಲಿ ನಾನು ಸುಳ್ಳು ಬರ್ಕೊಂಡಿದ್ದೆ. ನಿಮ್ಮದರಲ್ಲಿ ಬರೆದಿಲ್ಲ. ಆದ್ರೂ ಮೇಡಂ ನೋಡ್ಬೇಕು ಅಂತಾರೆ.”

“ಮಾತು ಯಾಕೆ ಹೀಗೆ ತೊದಲ್ತಿದೆ? ಕುಡಿದಿದೀಯ?”

“ಇಲ್ಲ ಸಾರ್. ಹಲ್ಲು ರಿಪೇರಿ ನಡೀತಿದೆ.”

“ಯಾರದ್ದು?”

“ನಂದೇ.”

“ಸೋಮವಾರ ಬರ್ತೀವಿ,” ಎಂದರು ಮೇಷ್ಟ್ರು. “ಏಳು ಜನಾನೂ. ನಾನು ನಿನ್ನ ಪಕ್ಕ ನಿಂತ್ಕೊಂಡು, ನೀನು ಬರೆಯೋದನ್ನ ನೋಡ್ತೀನಿ.”

“ಅಲ್ಲಿ ಜಾಗ ಕಮ್ಮಿ ಸಾರ್.”

“ಸರ್ಕೋ.”

ಉಗುಳಪ್ಪ ಸೋಮವಾರದ ಎದುರು ಮೇಷ್ಟ್ರ ಮನೆ ಎಂದು ಬರೆದು, ತುಟಿಯಿಂದ ಸೋರಿದ್ದನ್ನು ತೋಳಿನಿಂದ ಒರೆಸಿಕೊಂಡು, ಎರಡನೇ ಪುಸ್ತಕ ತೆರೆದ.